ಬೆಳಗಾವಿಯಲ್ಲಿ ದಿನಾ ಜಗಳನಾ ಅಂತ ಕೇಳಿದವರಿಗೆ

ಕನ್ನಡ–ಮರಾಠಿ ಜಗಳ ಇಲ್ಲಿ ದಿನಾ ಇರುವುದಿಲ್ಲ. ಟಿವಿಯಲ್ಲಿ ನಿಮಗೆ ಕಾಣುವುದು ವರ್ಷದ ಕೆಲವೇ ದಿನ. ನವೆಂಬರ್ 1, ಚಳಿಗಾಲದ ಅಧಿವೇಶನದ ಮೊದಲ ದಿನ, ಆಮೇಲೆ ಗಡಿಯ ಆಚೆಯೋ ಈಚೆಯೋ ಯಾರಾದರೂ ಬಸ್ಸಿಗೆ ಮಸಿ ಬಳಿದ ದಿನ. ಉಳಿದ ದಿನ ಬಂದು ಗಣಪತ್ ಗಲ್ಲಿಯಲ್ಲಿ ಅರ್ಧ ಗಂಟೆ ನಿಂತುಕೊಳ್ಳಿ. ಗಿರಾಕಿ ಯಾವ ಭಾಷೆಯಲ್ಲಿ ಮಾತು ಶುರು ಮಾಡುತ್ತಾರೋ ಅಂಗಡಿಯವರು ಅದೇ ಭಾಷೆಯಲ್ಲಿ ರೇಟು ಹೇಳುತ್ತಾರೆ. ಚಂದಗಡದಿಂದ ಮದುವೆ ಜವಳಿಗೆ ಬಂದವರಿಗೆ ಮರಾಠಿ, ಬೈಲಹೊಂಗಲದವರಿಗೆ ಕನ್ನಡ. ಚಂದಗಡ ಇರುವುದು ಮಹಾರಾಷ್ಟ್ರದಲ್ಲಿ, ಆದರೆ ಅವರಿಗೆ ಪ್ಯಾಟಿ ಅಂದರೆ ಬೆಳಗಾವಿಯೇ. ಕಾಕಾ, ಮಾವಶಿ ಅಂತ ಕರೆಯುವುದು ಇಲ್ಲಿ ಕನ್ನಡ, ಮರಾಠಿ ಎರಡೂ ಮನೆಗಳಲ್ಲಿ ಉಂಟು.

ಹಾಗಂತ ಜಗಳವೇ ಇರಲಿಲ್ಲ ಅಂದರೆ ಸುಳ್ಳಾಗುತ್ತದೆ. ಇಲ್ಲಿ ಜೀವಗಳು ಹೋಗಿವೆ. ಅಂಥ ಊರು ಹೇಗೆ ತಣ್ಣಗಾಯಿತು ಅನ್ನುವುದು ನಿಮ್ಮ ಪ್ರಶ್ನೆ, ಅಲ್ವಾ? ನನಗೆ ಕಂಡಂತೆ, ಬೆಳಗಾವಿ ಯಾವ ರಾಜ್ಯಕ್ಕೆ ಸೇರಬೇಕು ಅನ್ನುವ ಮೂಲ ತಕರಾರು ಇನ್ನೂ ಮುಗಿದಿಲ್ಲ. ಮುಗಿಯದೇ ಇದ್ದರೂ ಜನ ಅದನ್ನು ಬೀದಿಯಿಂದ ಎತ್ತಿ ಕೋರ್ಟಿಗೂ ಚುನಾವಣೆಗೂ ಬಿಟ್ಟರು. ಅದಕ್ಕೆ ಎರಡು ತಲೆಮಾರು ಹಿಡಿಯಿತು.

ಹಿಂದಿನ ಕಥೆ ಬೇಗ ಹೇಳಿಬಿಡುತ್ತೇನೆ. 1956ರ ನವೆಂಬರ್ 1ಕ್ಕೆ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು, ಚಂದಗಡ ತಾಲ್ಲೂಕು ಮಾತ್ರ ಅಲ್ಲೇ ಉಳಿಯಿತು. ಬೆಳಗಾವಿ ನಗರ, ಖಾನಾಪುರ, ನಿಪ್ಪಾಣಿ ಕಡೆ ಮರಾಠಿ ಮನೆಮಾತಿನವರು ಬಹಳ. ಅವರಿಗೆ ಇದು ಸರಿಬರಲಿಲ್ಲ. ಈ ಊರುಗಳನ್ನು ಮಹಾರಾಷ್ಟ್ರಕ್ಕೆ ಸೇರಿಸಿ ಅನ್ನುವ ಮಹಾರಾಷ್ಟ್ರ ಏಕೀಕರಣ ಸಮಿತಿ ಆ ಸಿಟ್ಟನ್ನೇ ಹಿಡಿದು ಬೆಳೆಯಿತು. ಮಹಾರಾಷ್ಟ್ರದ ಒತ್ತಾಯಕ್ಕೆ ಕೇಂದ್ರ 1966ರಲ್ಲಿ ಮಹಾಜನ ಆಯೋಗ ಮಾಡಿತು, 1967ರಲ್ಲಿ ವರದಿ ಬಂತು. ಬೆಳಗಾವಿ ಇಲ್ಲೇ ಇರಲಿ, ನಿಪ್ಪಾಣಿ ಖಾನಾಪುರ ಸೇರಿ ಕೆಲವು ಊರು ಆ ಕಡೆ ಹೋಗಲಿ, ಜತ್ತ, ಅಕ್ಕಲಕೋಟೆ ಭಾಗದ ಊರುಗಳು ಈ ಕಡೆ ಬರಲಿ ಅಂತ ಅದರ ಸಾರ. ಮಹಾರಾಷ್ಟ್ರ ಒಪ್ಪಲಿಲ್ಲ, ವರದಿ ಕಪಾಟಿನಲ್ಲೇ ಉಳಿಯಿತು. ಮಹಾಜನ ವರದಿಯೇ ಅಂತಿಮ ಅಂತ ಘೋಷಣೆ ಕೂಗುವ ನಮ್ಮ ಹುಡುಗರಲ್ಲಿ ಎಷ್ಟೋ ಜನಕ್ಕೆ ಅದರ ಪ್ರಕಾರ ಖಾನಾಪುರ ಬಿಟ್ಟುಕೊಡಬೇಕಾಗುತ್ತದೆ ಅನ್ನುವುದು ಗೊತ್ತಿಲ್ಲ. ಓದಿ ಕೂಗಲಿ ಅನ್ನುವುದು ನನ್ನ ಆಸೆ.

1986ರ ಜೂನ್ ಬಹಳ ಕೆಟ್ಟದು. ಶಾಲೆಯಲ್ಲಿ ಕನ್ನಡ ಕಡ್ಡಾಯ ಅನ್ನುವುದರ ವಿರುದ್ಧ ಚಳವಳಿ ಎದ್ದಿತು, ಗೋಲಿಬಾರ್ ಆಯಿತು, ಜನ ಸತ್ತರು. ಸತ್ತವರ ನೆನಪಿಗೆ ಸಮಿತಿಯವರು ಈಗಲೂ ಸಭೆ ಸೇರುತ್ತಾರೆ. ಅವರೂ ಈ ಊರಿನವರೇ, ನಮ್ಮ ಪಕ್ಕದ ಗಲ್ಲಿಯವರೇ. ಕನ್ನಡದವರು ಈ ಮಾತು ಹೇಳುವುದು ಕಡಿಮೆ, ಹೇಳಬೇಕು.

ಈಗ ನೀವು ಹೊರಗಿನವರು ಗಮನಿಸದ ಒಂದು ಸಂಗತಿ. ಈ ರಾಜ್ಯವೇ ಬೇಡ ಅನ್ನುತ್ತಿದ್ದ ಸಮಿತಿ ಮೊದಲಿನಿಂದಲೂ ಈ ರಾಜ್ಯದ ಚುನಾವಣೆಗೆ ನಿಂತಿತು. ಗೆದ್ದವರು ಬೆಂಗಳೂರಿಗೆ ಹೋಗಿ ಶಾಸಕರಾಗಿ ಪ್ರಮಾಣ ತೆಗೆದುಕೊಂಡರು. ಗಡಿ ವಿಷಯಕ್ಕೆ ಸದನದಲ್ಲಿ ಗಲಾಟೆ ಮಾಡಿದರು ನಿಜ, ಆದರೆ ತಮ್ಮ ಹಳ್ಳಿಗೆ ರಸ್ತೆ, ಶಾಲೆ, ಬೋರ್‌ವೆಲ್ ಕೇಳಲೂ ಬೇಕಾಯಿತು, ಯಾಕಂದರೆ ಐದು ವರ್ಷಕ್ಕೊಮ್ಮೆ ಅದೇ ಜನರ ಮುಂದೆ ಹೋಗಬೇಕಲ್ಲ. ನನ್ನ ಲೆಕ್ಕದಲ್ಲಿ ಶಾಂತಿ ಶುರುವಾದದ್ದು ಅಲ್ಲಿಂದ. ಯಾರೂ ಅದಕ್ಕೆ ಶಾಂತಿ ಅಂತ ಹೆಸರಿಡಲಿಲ್ಲ, ಒಪ್ಪಂದಕ್ಕೆ ಸಹಿಯೂ ಬೀಳಲಿಲ್ಲ. ಮತದಾರರ ಪಟ್ಟಿಯಲ್ಲಿ ಹೆಸರು ಇದ್ದವರು ಮತ ಹಾಕಿದರು, ಮತ ಬೇಕಾದವರು ಅವರ ಮನೆಗೆ ಹೋದರು, ಅಷ್ಟೇ.

ಅದು ಸಲೀಸಾಗಿಯೂ ನಡೆಯಲಿಲ್ಲ. 2004ರಲ್ಲಿ ಮಹಾರಾಷ್ಟ್ರ ಸುಪ್ರೀಂ ಕೋರ್ಟಿಗೆ ಹೋಯಿತು. 2005ರಲ್ಲಿ ಬೆಳಗಾವಿ ಮಹಾನಗರ ಪಾಲಿಕೆ ಮಹಾರಾಷ್ಟ್ರಕ್ಕೆ ಸೇರಿಸಿ ಅಂತ ನಿರ್ಣಯ ಮಾಡಿತು. ಬೆಂಗಳೂರಿನಲ್ಲಿ ಕನ್ನಡ ಹೋರಾಟಗಾರರು ಮೇಯರ್ ಮುಖಕ್ಕೆ ಮಸಿ ಬಳಿದರು, ಸರ್ಕಾರ ಪಾಲಿಕೆಯನ್ನೇ ವಿಸರ್ಜಿಸಿತು. ಮಸಿ ಬಳಿದದ್ದು ತಪ್ಪು. ಆಯ್ಕೆಯಾಗಿ ಬಂದ ಮನುಷ್ಯನ ಮುಖಕ್ಕೆ ಬಳಿದ ಮಸಿ ಅವರಿಗೆ ಮತ ಹಾಕಿದವರ ಮುಖಕ್ಕೂ ಬೀಳುತ್ತದೆ, ಅದನ್ನು ಇಲ್ಲಿಯ ಮರಾಠಿ ಜನ ಬಹಳ ದಿನ ಮರೆಯಲಿಲ್ಲ. ಸರ್ಕಾರ ಮಾಡಿದ ಸರಿಯಾದ ಕೆಲಸ ಆಮೇಲಿನದು: 2006ರಲ್ಲಿ ಇಲ್ಲಿ ಮೊದಲ ಸಲ ಅಧಿವೇಶನ ನಡೆಸಿತು, 2012ರಲ್ಲಿ ಸುವರ್ಣ ವಿಧಾನಸೌಧ ಎದ್ದು ನಿಂತಿತು. ಅದು ವರ್ಷದ ಬಹುಪಾಲು ಖಾಲಿ ಇರುತ್ತದೆ ಅನ್ನುವ ದೂರು ನಮ್ಮದೇ. ಆದರೂ ಸರ್ಕಾರ ಅಂದರೆ ಐನೂರು ಕಿಲೋಮೀಟರ್ ದೂರ ಅನ್ನುವ ಭಾವನೆ ಸ್ವಲ್ಪ ಕರಗಿತು.

ಮತ ಎಣಿಕೆ ನೋಡಿದರೆ ಬದಲಾವಣೆ ಎದ್ದು ಕಾಣುತ್ತದೆ. 2013ರಲ್ಲಿ ಸಮಿತಿಯ ಇಬ್ಬರು ಶಾಸಕರು ಗೆದ್ದಿದ್ದರು. 2018ರಲ್ಲಿ ಒಬ್ಬರೂ ಇಲ್ಲ, 2023ರಲ್ಲೂ ಇಲ್ಲ. 2021ರ ಪಾಲಿಕೆ ಚುನಾವಣೆಯಲ್ಲಿ ಪಕ್ಷಗಳು ಮೊದಲ ಸಲ ಚಿಹ್ನೆ ಹಿಡಿದು ನಿಂತವು, 58 ವಾರ್ಡಿನಲ್ಲಿ 35 ಬಿಜೆಪಿಗೆ ಬಂದವು. ಇದನ್ನು ಕನ್ನಡ ಗೆದ್ದಿತು ಅಂತ ಬರೆದವರಿದ್ದಾರೆ. ಅದು ಪೂರ್ತಿ ಸರಿಯಲ್ಲ. ಗೆದ್ದವರಲ್ಲಿ ಮರಾಠಿ ಮನೆಮಾತಿನವರು ಕಡಿಮೆಯೇನಿಲ್ಲ. ಖಾನಾಪುರದಲ್ಲಿ 2018ರಲ್ಲಿ ಕಾಂಗ್ರೆಸ್ಸಿನ ಅಂಜಲಿ ನಿಂಬಾಳ್ಕರ್, 2023ರಲ್ಲಿ ಬಿಜೆಪಿಯ ವಿಠ್ಠಲ ಹಲಗೇಕರ್ ಗೆದ್ದರು. ಇಬ್ಬರೂ ಹಳ್ಳಿ ಹಳ್ಳಿಗೆ ಹೋಗಿ ಮರಾಠಿಯಲ್ಲೂ ಮತ ಕೇಳಿದವರು. ಸಮಿತಿಯೊಳಗಿನ ಒಡಕು ಒಂದು ಕಾರಣ ಹೌದು. ಆದರೆ ದೊಡ್ಡ ಪಕ್ಷಗಳು ಟಿಕೆಟ್ ಕೊಟ್ಟು ಒಳಗೆ ಕರೆದುಕೊಂಡದ್ದು ಅದಕ್ಕಿಂತ ದೊಡ್ಡ ಕಾರಣ. ಅಧಿಕಾರದಲ್ಲಿ ಪಾಲು ಸಿಕ್ಕಿದ ಮೇಲೆ ರಾಜ್ಯ ಬಿಟ್ಟು ಹೋಗುವ ಮಾತು ಹಿಂದೆ ಸರಿಯಿತು. ಹುಡುಗರಿಗೂ ಕೆಲಸ ಬೇಕು. ಕೆಪಿಎಸ್‌ಸಿ, ಪೊಲೀಸ್ ಪರೀಕ್ಷೆಗೆ ಕೂರುವವರು ಕನ್ನಡ ಕಲಿಯುತ್ತಾರೆ, ಮಿಕ್ಕವರು ಪುಣೆ ಬಸ್ ಹತ್ತುತ್ತಾರೆ.

ಪೀರನವಾಡಿಯದು ಹೇಳಲೇಬೇಕು. ಬೆಳಗಾವಿಯಿಂದ ಖಾನಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಊರು. 2020ರ ಆಗಸ್ಟಿನಲ್ಲಿ ಅಲ್ಲಿಯ ಸರ್ಕಲ್ಲಿನಲ್ಲಿ ರಾತ್ರೋರಾತ್ರಿ ಸಂಗೊಳ್ಳಿ ರಾಯಣ್ಣನ ಪ್ರತಿಮೆ ನಿಂತಿತು. ಮರಾಠಿ ಜನ, ಇದು ಶಿವಾಜಿ ಚೌಕ, ಇಲ್ಲಿ ಯಾಕೆ ಅಂದರು. ಕಲ್ಲು ಬಿದ್ದವು, ಲಾಠಿ ಬೀಸಿದರು. ಇಪ್ಪತ್ತು ವರ್ಷ ಹಿಂದಾಗಿದ್ದರೆ ಇಡೀ ಜಿಲ್ಲೆ ಹೊತ್ತಿಕೊಳ್ಳುತ್ತಿತ್ತು. ಈ ಸಲ ಪೊಲೀಸ್ ಹಿರಿಯ ಅಧಿಕಾರಿಗಳು ಎರಡೂ ಕಡೆಯ ಮುಖಂಡರನ್ನು ಕೂರಿಸಿ ಮಾತಾಡಿಸಿದರು. ಪ್ರತಿಮೆ ರಾಯಣ್ಣನದು, ಅದು ಅಲ್ಲೇ ಇರಲಿ. ಚೌಕದ ಹೆಸರು ಶಿವಾಜಿ ಮಹಾರಾಜರದು, ಅದೂ ಇರಲಿ ಅಂತ ತೀರ್ಮಾನ ಆಯಿತು. ಇಬ್ಬರಿಗೂ ಪೂರ್ತಿ ಸಿಗಲಿಲ್ಲ, ಇಬ್ಬರೂ ಮನೆಗೆ ಹೋಗಿ ನಾವು ಸೋಲಲಿಲ್ಲ ಅನ್ನಬಹುದಿತ್ತು. ದೊಡ್ಡ ದೊಡ್ಡ ಆಯೋಗ ಮಾಡಲಾಗದ್ದನ್ನು ಒಂದು ಸರ್ಕಲ್ಲಿನ ಮಟ್ಟಿಗೆ ಇವರು ಮಾಡಿದರು.

ಒಂದು ಚಿಂತೆಯೂ ಇದೆ. ಭಾಷೆಯ ಜಗಳ ತಣ್ಣಗಾದದ್ದಕ್ಕೆ ಧರ್ಮದ ಹೆಸರಿನ ರಾಜಕಾರಣ ಅದರ ಜಾಗಕ್ಕೆ ಬಂದದ್ದೂ ಕಾರಣ. ಕನ್ನಡಿಗರೂ ಮರಾಠಿಗರೂ ಒಂದೇ ಕೇಸರಿ ಶಾಲು ಹಾಕಿಕೊಂಡರೆ ಅವರ ನಡುವಿನ ಗೆರೆ ಅಳಿಸುತ್ತದೆ, ಆದರೆ ಅದೇ ಊರಿನ ಮುಸ್ಲಿಮರ ಎದುರು ಹೊಸ ಗೆರೆ ಬೀಳುತ್ತದೆ. ಇದನ್ನು ಶಾಂತಿಯ ಲೆಕ್ಕಕ್ಕೆ ಬರೆದುಕೊಳ್ಳಲು ನನಗೆ ಮನಸ್ಸಿಲ್ಲ. ಬೆಳಗಾವಿ ಹತ್ತಿರದ ರಾಜಹಂಸಗಡ ಕೋಟೆಯ ಶಿವಾಜಿ ಪ್ರತಿಮೆಯನ್ನು ಚುನಾವಣೆ ಹತ್ತಿರ ಇದ್ದಾಗ, 2023ರ ಮಾರ್ಚಿನಲ್ಲಿ, ಒಂದು ಪಕ್ಷದವರು ಉದ್ಘಾಟಿಸಿದರು, ಕೆಲವೇ ದಿನಕ್ಕೆ ಇನ್ನೊಂದು ಪಕ್ಷದವರು ಮತ್ತೆ ಉದ್ಘಾಟಿಸಿದರು. ಮರಾಠಿ ಮತಕ್ಕೆ ಈಗ ಬೆಲೆ ಇದೆ ಅನ್ನುವುದಕ್ಕೆ ಸಾಕ್ಷಿ. ಬರೀ ಪ್ರತಿಮೆ ಕೊಟ್ಟರೆ ಸಾಕಾ ಅನ್ನುವುದು ಬೇರೆ ಪ್ರಶ್ನೆ.

ಪ್ರತಿಮೆ ಸಾಕಾ ಅಂತ ಯಾಕೆ ಕೇಳಿದೆ ಅಂದರೆ, ಒಂದು ತಾಲ್ಲೂಕು ಕಚೇರಿಯ ಹೊರಗೆ ನಾನು ನೋಡಿದ್ದು ಹೇಳುತ್ತೇನೆ. ಕಾಡಂಚಿನ ಹಳ್ಳಿಯ ಒಬ್ಬ ಅಜ್ಜ ಕೈಯಲ್ಲಿ ಉತಾರ ಹಿಡಿದುಕೊಂಡು ಹೋಗಿ ಬರುವವರನ್ನೆಲ್ಲ ನಿಲ್ಲಿಸುತ್ತಿದ್ದರು. ನೀವು ಪಹಣಿ ಅನ್ನುತ್ತೀರಲ್ಲ, ಅದೇ. ಅವರಿಗೆ ಮರಾಠಿ ಓದಲು ಬರುತ್ತದೆ, ಕನ್ನಡ ಬರುವುದಿಲ್ಲ. ತಮ್ಮ ಹೊಲಕ್ಕೆ ಯಾರ ಹೆಸರು ಬಿದ್ದಿದೆ ಅಂತ ಪರರಿಂದ ಓದಿಸಿಕೊಳ್ಳಬೇಕು. ಓದಿ ಹೇಳಿದೆ, ಅವರ ಹೆಸರೇ ಇತ್ತು, ಆದರೂ ಇನ್ನೊಬ್ಬರ ಹತ್ತಿರ ಮತ್ತೆ ಓದಿಸಿದರು. ಅಷ್ಟು ಹೆದರಿಕೆ. ಭಾಷಾ ಅಲ್ಪಸಂಖ್ಯಾತರು ನೂರಕ್ಕೆ 15 ಇರುವ ಕಡೆ ಮುಖ್ಯ ಆದೇಶ, ನೋಟಿಸು ಅವರ ಭಾಷೆಯಲ್ಲೂ ಸಿಗಬೇಕು ಅನ್ನುವ ನಿಯಮ ದೇಶದಲ್ಲಿದೆ. ಮಕ್ಕಳಿಗೆ ಮೊದಲ ಪಾಠ ಮನೆಮಾತಿನಲ್ಲಿ ಸಿಗುವಂತೆ ಮಾಡಿ ಅಂತ ಸಂವಿಧಾನಕ್ಕೆ 350ಎ ವಿಧಿ ಸೇರಿಸಿದ್ದು ರಾಜ್ಯಗಳ ಗಡಿ ಎಳೆದ ಅದೇ 1956ರಲ್ಲಿ. ಜತ್ತ, ಅಕ್ಕಲಕೋಟೆಯ ಕನ್ನಡ ಶಾಲೆಗೆ ಮಾಸ್ತರು ಕೊಡಿ ಅಂತ ನಾವು ಮಹಾರಾಷ್ಟ್ರವನ್ನು ಕೇಳುತ್ತೇವೆ, ಕೇಳಲೇಬೇಕು. ಅಲ್ಲಿ ಕೇಳುವುದನ್ನು ಇಲ್ಲಿ ಕೊಟ್ಟರೆ ಕನ್ನಡಕ್ಕೆ ಏನೂ ಕಡಿಮೆ ಆಗುವುದಿಲ್ಲ.

ಗಲಾಟೆ ಪೂರ್ತಿ ನಿಂತಿಲ್ಲ. 2022ರ ಡಿಸೆಂಬರಿನಲ್ಲಿ ಎರಡೂ ರಾಜ್ಯದ ಮುಖ್ಯಮಂತ್ರಿಗಳನ್ನು ದೆಹಲಿಗೆ ಕರೆಸಿ, ಸುಪ್ರೀಂ ಕೋರ್ಟ್ ತೀರ್ಪು ಬರುವವರೆಗೆ ಸುಮ್ಮನಿರಿ ಅಂತ ಕೇಂದ್ರ ಹೇಳಬೇಕಾಯಿತು. 2025ರ ಫೆಬ್ರುವರಿಯಲ್ಲಿ ಮರಾಠಿ ಬರುವುದಿಲ್ಲ ಅಂದದ್ದಕ್ಕೆ ನಮ್ಮ ಬಸ್ ಕಂಡಕ್ಟರ್ ಮೇಲೆ ಹಲ್ಲೆ ಆಯಿತು, ಎರಡೂ ಕಡೆ ಬಸ್ಸು ನಿಂತವು. ಹೊಡೆದವರಿಗೆ ಶಿಕ್ಷೆ ಆಗಲೇಬೇಕು. ಆದರೆ ಬಸ್ಸು ನಿಂತಾಗ ಒದ್ದಾಡುವವರು ಮಿರಜಿನ ಆಸ್ಪತ್ರೆಗೆ ಹೊರಟ ಚಿಕ್ಕೋಡಿಯವರು, ಬೆಳಗಾವಿ ಕಾಲೇಜಿಗೆ ಬರುವ ಚಂದಗಡದ ಹುಡುಗಿಯರು. ಸ್ಟುಡಿಯೋದಲ್ಲಿ ಕೂತು ಕೂಗುವವರಿಗೆ ಆ ಬಸ್ಸು ಬೇಕಾಗಿಲ್ಲ.

ನೀವು ಬರುವುದಾದರೆ ಅಧಿವೇಶನದ ವಾರ ಬಿಟ್ಟು ಬನ್ನಿ, ಆಗ ಲಾಡ್ಜು ಸಿಗುವುದಿಲ್ಲ. ಗಣಪತಿ ಹಬ್ಬಕ್ಕೆ ಬಂದರೆ ಇನ್ನೂ ಚೆನ್ನ, ಕಪಿಲೇಶ್ವರ ಹೊಂಡದ ಹತ್ತಿರ ರಾತ್ರಿಯಿಡೀ ಮೆರವಣಿಗೆ ಇರುತ್ತದೆ. ನಿಮಗೆ ಮರಾಠಿ ಬರದಿದ್ದರೆ ಪರವಾಗಿಲ್ಲ, ಕನ್ನಡದಲ್ಲೇ ಕೇಳಿ, ದಾರಿ ಹೇಳುತ್ತಾರೆ.