ರ‍್ಯಾಕ್ ಮುಟ್ಟಿದರೆ ಜುಮ್ ಅನ್ನುತ್ತದೆ!

ಪ್ರಶ್ನೆ: ಕಚೇರಿಗೆ ಹೊಸ ವೈರಿಂಗ್ ನಡೆಯುತ್ತಿದೆ. ಒಂದು ಮೂಲೆಯಲ್ಲಿ ಸ್ವಿಚ್, ರೂಟರ್, ಯುಪಿಎಸ್ ಇರುವ ಸಣ್ಣ ನೆಟ್‌ವರ್ಕ್ ರ‍್ಯಾಕ್ ಕೂರಿಸಿದ್ದೇವೆ. ಮುಟ್ಟಿದರೆ ಜುಮ್ ಅನ್ನುತ್ತದೆ. ವೈರಿಂಗ್‌ನವರು, "ಇದಕ್ಕೆ ಬೇರೆಯೇ ಅರ್ಥಿಂಗ್ ಬೇಕು, ಹೊರಗೆ ಮಣ್ಣಿಗೆ ಹೊಸ ಲೋಹದ ರಾಡ್ ಹೊಡೆದು ರ‍್ಯಾಕಿಗೆ ಮಾತ್ರ ಕೊಡೋಣ" ಅನ್ನುತ್ತಾರೆ. ಒಪ್ಪಬಹುದೇ?

ಉತ್ತರ: ಬೇಡ. ರಾಡ್ ಹೊಡೆಯುವ ಮುಂಚೆ ಅವರನ್ನು ನಿಲ್ಲಿಸಿ.

ಮೊದಲು ಆ ಜುಮ್ಮಿನ ವಿಷಯ. ಇಂಥ ಸಾಮಾನುಗಳ ಪವರ್ ಸಪ್ಲೈ ಒಳಗೆ ಫೇಸ್‌ನಿಂದ ಲೋಹದ ಹೊರಮೈಗೆ (ಬಾಡಿ), ನ್ಯೂಟ್ರಲ್‌ನಿಂದ ಅದೇ ಹೊರಮೈಗೆ ಸಣ್ಣ ಕೆಪಾಸಿಟರ್‌ಗಳಿರುತ್ತವೆ. ಅರ್ಥ್ ಸಿಗದಿದ್ದರೆ ಬಾಡಿ ಎರಡರ ನಡುವೆ ತೂಗಾಡುತ್ತದೆ. ಅಂದರೆ 230 ವೋಲ್ಟ್‌ನ ಅರ್ಧ, ಸುಮಾರು 115. ಹರಿಯುವ ಕರೆಂಟ್ ತೀರಾ ಕಡಿಮೆ, ಹಾಗಾಗಿ ಜುಮ್ ಅಂದು ಬಿಡುತ್ತದೆ. ಆದರೆ ನಿಮ್ಮ ರ‍್ಯಾಕಿಗೆ ಅರ್ಥ್ ತಲುಪಿಲ್ಲ ಅನ್ನುವುದಕ್ಕೆ ಅದೇ ಸಾಕ್ಷಿ. ಸಾಕೆಟ್‌ನ ಮೂರನೇ ತೂತಿನ ಹಿಂದೆ ಹಸಿರು ವೈರ್ ಇದೆಯೇ, ಅದು ಬೋರ್ಡಿನಲ್ಲಿ ಎಲ್ಲ ಅರ್ಥ್ ವೈರುಗಳು ಸೇರುವ ಲೋಹದ ಪಟ್ಟಿ, ಅಂದರೆ ಅರ್ಥ್ ಬಾರ್‌ವರೆಗೆ ಹೋಗಿದೆಯೇ, ಮೇನ್ ಆಫ್ ಮಾಡಿಸಿ ನೋಡಿಸಿ. ಯಾರಾದರೂ ಎರಡು ಪಿನ್ನಿನ ಅಡಾಪ್ಟರ್ ಸಿಕ್ಕಿಸಿದ್ದರೂ ಇದೇ ಕಥೆ.

ಇನ್ನು ಬೇರೆ ರಾಡ್. ಅದರ ರೆಸಿಸ್ಟೆನ್ಸ್ 20 ಓಮ್ ಅಂದುಕೊಳ್ಳಿ. ಫೇಸ್ ವೈರ್ ಬಿಚ್ಚಿ ರ‍್ಯಾಕಿಗೆ ತಗುಲಿದರೆ 230 ಭಾಗಿಸು 20, ಹನ್ನೊಂದೂವರೆ ಆಂಪಿಯರ್ ಮಣ್ಣಿಗೆ ಹರಿಯುತ್ತದೆ. ಕರೆಂಟ್ ಮಿತಿ ಮೀರಿದರೆ ತಾನೇ ಆಫ್ ಆಗುವ ಸ್ವಿಚ್ ಇದೆಯಲ್ಲ, ಆ 16 ಆಂಪಿಯರ್ ಎಂಸಿಬಿ ಕದಲುವುದೇ ಇಲ್ಲ! ಅಷ್ಟು ಹೊತ್ತೂ ರ‍್ಯಾಕ್ ಲೈವ್. ಹತ್ತಿರದಲ್ಲಿ ಸಿಡಿಲು ಬಡಿದರೆ ಕಟ್ಟಡದ್ದು, ಹೊಸದು, ಈ ಎರಡು ರಾಡ್‌ಗಳ ನಡುವೆ ಸಾವಿರಾರು ವೋಲ್ಟ್ ವ್ಯತ್ಯಾಸ ಬರಬಹುದು. ಅದು ದಾರಿ ಹುಡುಕುವುದು ನಿಮ್ಮ ಸ್ವಿಚ್ಚಿನ ಪೋರ್ಟ್‌ಗಳ ಮೂಲಕವೇ. ರಾಡ್ ಹೊಡೆಯಲೇಬೇಕು ಅಂದರೆ ಹೊಡೆಯಲಿ, ಆದರೆ ಅದನ್ನು ಕಟ್ಟಡದ ಮುಖ್ಯ ಅರ್ಥಿಗೆ ದಪ್ಪ ವೈರಿನಲ್ಲಿ ಸೇರಿಸಲೇಬೇಕು.

ರ‍್ಯಾಕಿನಿಂದ ಮುಖ್ಯ ಅರ್ಥ್ ಬಾರಿಗೆ ಹಸಿರು-ಹಳದಿ ವೈರ್ ಎಳೆಸಿ. ಆದಷ್ಟು ಗಿಡ್ಡ, ಆದಷ್ಟು ನೇರ. ಉಳಿದ ವೈರನ್ನು ಸುರುಳಿ ಸುತ್ತಿ ಚಂದ ಕಟ್ಟುವವರಿದ್ದಾರೆ, ಸಿಡಿಲಿನ ಕರೆಂಟಿಗೆ ಆ ಸುರುಳಿ ತಡೆಗೋಡೆ.

ನನ್ನದೇ ಒಂದು ಪೆದ್ದತನ ಹೇಳಿಬಿಡ್ತೇನೆ. ಶುರುವಿನ ದಿನಗಳಲ್ಲಿ ಒಂದು ರ‍್ಯಾಕಿಗೆ ಅರ್ಥ್ ಕೊಟ್ಟೆ. ವೈರಿನ ತುದಿಗೆ ಲಗ್ (ಬೋಲ್ಟ್ ಕೂರುವ ಲೋಹದ ಬಳೆ) ಚೆನ್ನಾಗಿ ಒತ್ತಿ ಕ್ರಿಂಪ್ ಮಾಡಿದ್ದೆ, ಬೋಲ್ಟ್ ಬೆವರು ಬರುವಷ್ಟು ಬಿಗಿದಿದ್ದೆ. ಮಲ್ಟಿಮೀಟರ್ ಹಿಡಿದರೆ ಬೀಪ್ ಇಲ್ಲ. ಮೀಟರನ್ನೇ ಬೈದು ಬ್ಯಾಟರಿ ಬದಲಿಸಿದೆ. ಆಮೇಲೆ ಹೊಳೆಯಿತು, ಲಗ್ ಕೂತಿದ್ದು ಪೇಂಟ್ ಮೇಲೆ! ಕಪ್ಪು ಪೌಡರ್ ಕೋಟಿಂಗ್ ಕರೆಂಟ್ ಬಿಡುವುದಿಲ್ಲ ಅಲ್ವಾ? ಬ್ಲೇಡಿನಲ್ಲಿ ನಾಣ್ಯದಷ್ಟು ಜಾಗ ಕೆರೆದು ಬೆಳ್ಳಗೆ ಲೋಹ ಕಂಡಮೇಲೆ, ಹಲ್ಲಿರುವ ವಾಷರ್ ಹಾಕಿ ಬಿಗಿದೆ. ಬೀಪ್ ಅಂತು. ರ‍್ಯಾಕಿನ ಬಾಗಿಲು ಬೇರೆ ತುಂಡು, ಹಿಂಜಿನ ಮೇಲೆ ನಂಬಿಕೆ ಇಡಬೇಡಿ, ಅದಕ್ಕೂ ಒಂದು ಗಿಡ್ಡ ವೈರ್ ಕೊಡಿ. ಬೀಪ್ ಬಂದರೆ ಸಂಪರ್ಕ ಇದೆ ಅಂತ ಅಷ್ಟೇ. ಫಾಲ್ಟ್ ಆದಾಗ ಎಂಸಿಬಿ ಬೀಳುವಷ್ಟು ಕರೆಂಟ್ ಹರಿಯುತ್ತದೋ ಇಲ್ಲವೋ ಅನ್ನುವುದನ್ನು, ಅದನ್ನೇ ಅಳೆಯುವ ಲೂಪ್ ಟೆಸ್ಟರ್ ಇರುವ ಎಲೆಕ್ಟ್ರಿಷಿಯನ್ ನೋಡಬೇಕು.

ಅರ್ಥ್ ಸಿಗಲಿಲ್ಲವೆಂದು ಸಾಕೆಟ್ಟಿನಲ್ಲಿ ನ್ಯೂಟ್ರಲ್‌ನಿಂದ ಅರ್ಥ್ ಪಿನ್ನಿಗೆ ತುಂಡು ವೈರ್ ಹಾಕಲು ಬಿಡಲೇಬೇಡಿ. ನ್ಯೂಟ್ರಲ್ ಎಲ್ಲೋ ಕಡಿದ ದಿನ ಇಡೀ ರ‍್ಯಾಕ್ ಶಾಕ್ ಹೊಡೆಯುತ್ತದೆ.

ಪ್ರಶ್ನೆ: ಪಕ್ಕದ ಕಟ್ಟಡಕ್ಕೆ ಶೀಲ್ಡ್ (ಲೋಹದ ಹೊದಿಕೆ) ಇರುವ ಲ್ಯಾನ್ ಕೇಬಲ್ ಎಳೆದರೆ ಸಾಕೇ?

ಉತ್ತರ: ಎರಡು ಕಟ್ಟಡಗಳ ಅರ್ಥ್ ಬೇರೆ ಬೇರೆಯಾಗಿದ್ದರೆ ಆ ಶೀಲ್ಡೇ ಅವುಗಳ ನಡುವಿನ ವೈರ್ ಆಗಿಬಿಡುತ್ತದೆ, ಕರೆಂಟ್ ಅದರಲ್ಲೇ ಓಡಾಡುತ್ತದೆ. ಫೈಬರ್ ಎಳೆಸಿ. ಒಳಗೆ ಲೋಹದ ತಂತಿಯಾಗಲಿ ಕವಚವಾಗಲಿ ಇಲ್ಲದ ಫೈಬರ್ ಕೇಳಿ ತರಿಸಿ.