ಖುಷಿ ಮನೆಯಲ್ಲೇ ಇದೆ ಅಂತಾರೆ, ನನಗೆ ಮಾತ್ರ ಸಿಗ್ತಿಲ್ಲ

ಪ್ರಶ್ನೆ: ನನಗೆ 39 ವರ್ಷ. ಚಿಕ್ಕಬಳ್ಳಾಪುರದಲ್ಲಿ ಸ್ವಂತ ಮನೆ ಇದೆ. ಗಂಡ, ಇಬ್ಬರು ಮಕ್ಕಳು, ಅತ್ತೆ ಮತ್ತು ನಾನು. ಮನೆಯವರಿಗೆ ದೇವನಹಳ್ಳಿ ಕಡೆ ಕಂಪನಿ ಕೆಲಸ, ಬೆಳಿಗ್ಗೆ ಏಳಕ್ಕೆ ಹೊರಟರೆ ಬರುವುದು ರಾತ್ರಿ ಎಂಟಕ್ಕೆ. ನಾನು ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಬೆಂಗಳೂರಿನಲ್ಲಿರುವ ನಮ್ಮಕ್ಕನ ಮನೆಯವರು ಮೇ ತಿಂಗಳಲ್ಲಿ ಬಾಲಿಗೆ ಹೋಗುತ್ತಿದ್ದಾರೆ, ನೀವೂ ಬನ್ನಿ ಅಂತ ಅಕ್ಕ ಒತ್ತಾಯ ಮಾಡುತ್ತಿದ್ದಾಳೆ. ಒಬ್ಬರಿಗೆ 70 ಸಾವಿರ. ಅತ್ತೆ ಬರುವುದಿಲ್ಲ, ಆದರೂ ನಾಲ್ಕು ಜನಕ್ಕೆ ಸಾಲ ಮಾಡಲೇಬೇಕು. ಕೇಳಿದರೆ ಇವರು, "ಖುಷಿ ಮನೆಯಲ್ಲೇ ಇದೆ. ತಾರಸಿ ಮೇಲೆ ಕೂತ್ಕೊಂಡು ಕಾಫಿ ಕುಡಿ, ಹಕ್ಕಿ ನೋಡು, ನಂದಿ ಬೆಟ್ಟ ಕಣ್ಮುಂದೆನೇ ಇದೆ, ಇನ್ನೇನು ಬೇಕು ನಿಂಗೆ?" ಅಂತಾರೆ. ನಾನೂ ಪ್ರಯತ್ನ ಮಾಡಿದೆ. ಯೂಟ್ಯೂಬ್ ನೋಡಿ ದಿನಾ ಮೂರು ಒಳ್ಳೆಯ ವಿಷಯ ಬರೆದಿಡುವ ಡೈರಿ ಕೂಡ ಶುರು ಮಾಡಿದೆ. ಏನೂ ಅನ್ನಿಸುವುದಿಲ್ಲ. ಈಗ ಅವರೆಕಾಯಿ ಕಾಲ, ಇವರಿಗೆ ಹಿತಕಿದ ಬೇಳೆ ಸಾರು ಅಂದರೆ ಪ್ರಾಣ. ರಾತ್ರಿ ಹನ್ನೊಂದಕ್ಕೆ ಒಬ್ಬಳೇ ಕೂತು ಕಾಯಿ ಸುಲಿಯುವಾಗ ಅಳು ಬರುತ್ತೆ. ನನಗೆ ದುರಾಸೆನಾ?

— ಹೆಸರು ಬೇಡ, ಚಿಕ್ಕಬಳ್ಳಾಪುರ

ಉತ್ತರ:

ದುರಾಸೆ ಅಲ್ಲ. ಮೊದಲು ಅದನ್ನು ತಲೆಯಿಂದ ತೆಗೆದುಹಾಕಿ.

ನಿಮ್ಮ ಮನೆಯವರು ಹೇಳಿದ್ದು ಸುಳ್ಳೇನಲ್ಲ. ಆದರೆ ಆ ಮಾತು ಹೇಳುವಾಗ ಅವರು ಎಲ್ಲಿ ಕೂತಿರುತ್ತಾರೆ ಅಂತ ಗಮನಿಸಿದ್ದೀರಾ? ಭಾನುವಾರ ಸಂಜೆ, ತಾರಸಿ ಮೇಲೆ, ಕುರ್ಚಿಯಲ್ಲಿ, ಕೈಯಲ್ಲಿ ಬಿಸಿ ಕಾಫಿ. ಕಾಫಿ ಮಾಡಿದವರು ನೀವು, ಮೆಟ್ಟಿಲು ಹತ್ತಿ ತಂದುಕೊಟ್ಟವರು ನೀವು, ಆಮೇಲೆ ಲೋಟ ತೊಳೆಯುವವರೂ ನೀವೇ. ಅವರಿಗೆ ಅದು ಪುಟ್ಟ ಖುಷಿ, ನಿಮಗೆ ಅದು ದಿನದ ಇನ್ನೊಂದು ಕೆಲಸ. ಒಂದೇ ತಾರಸಿ, ಒಂದೇ ಹಕ್ಕಿ, ಒಂದೇ ಬೆಟ್ಟ, ಆದರೂ ಒಬ್ಬರಿಗೆ ಸಿಕ್ಕಿದ್ದು ಇನ್ನೊಬ್ಬರಿಗೆ ಸಿಗುತ್ತಿಲ್ಲ ಅಂದರೆ ತಪ್ಪು ನಿಮ್ಮ ಮನಸ್ಸಿನಲ್ಲಿಲ್ಲ, ಮನೆಯ ಕೆಲಸದ ಲೆಕ್ಕದಲ್ಲಿದೆ.

ಅವರು ಕೆಟ್ಟವರು ಅಂತ ಹೇಳುತ್ತಿಲ್ಲ. ದಿನಕ್ಕೆ ಹದಿಮೂರು ಗಂಟೆ ಹೊರಗಿದ್ದು ಬರುವ ಮನುಷ್ಯನಿಗೆ ಮನೆಯೇ ರಜೆಯ ಜಾಗ. ನಿಮಗೆ ಮನೆಯೇ ಕೆಲಸದ ಜಾಗ, ಹೊಲಿಗೆ ಮಿಷನ್ ಕೂಡ ಅಲ್ಲೇ ಇದೆ. ಆಫೀಸಿನಲ್ಲೇ ಕೂತು ಟೂರ್ ಮಾಡು ಅಂದರೆ ಅವರಿಗಾದರೂ ಆಗುತ್ತಾ? ಸುಮ್ನೆ ಒಂದು ಸಲ ಕೇಳಿ ನೋಡಿ.

ಅವರೆಕಾಯಿ ವಿಷಯವನ್ನು ನೀವು ಕೊನೆಗೆ ಹೇಳಿ ಮುಗಿಸಿದ್ದೀರಿ. ನನಗೆ ಇಡೀ ಪತ್ರದ ತಿರುಳೇ ಅದು ಅನ್ನಿಸಿತು. ನಮ್ಮ ಕಡೆಯವರಿಗೆ ಅವರೆಕಾಯಿ ಬರೀ ತರಕಾರಿ ಅಲ್ಲ ಅನ್ನುವುದನ್ನು ನಿಮಗೆ ನಾನು ಹೇಳಬೇಕಿಲ್ಲ. ಹಳೆಯ ತಳಿಗಳು ಹಗಲು ಕಿರಿದಾದಾಗ ಮಾತ್ರ ಹೂ ಬಿಡುತ್ತವೆ, ಹಾಗಾಗಿ ಡಿಸೆಂಬರ್, ಜನವರಿಗೇ ಅದರ ಕಾಲ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಹೆಬ್ಬಾಳ ಅವರೆ ತಳಿಗಳನ್ನು ತಂದ ಮೇಲೆ ಬೇರೆ ತಿಂಗಳಲ್ಲೂ ಕಾಯಿ ಸಿಗುತ್ತದೆ, ನಿಜ. ಆದರೆ ಇಬ್ಬನಿ ಬಿದ್ದ ಕಾಯಿಯ ಸೊಗಡೇ ಬೇರೆ ಅಂತ ಮಾರ್ಕೆಟ್‌ನಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ಚೀಲ ಬಿಚ್ಚಿದ ಕೂಡಲೇ ಮನೆ ತುಂಬಾ ಘಮ್ ಅನ್ನಬೇಕು. ವರ್ಷಕ್ಕೆ ಒಂದೂವರೆ ಎರಡು ತಿಂಗಳಷ್ಟೇ ಸಿಗುವ ಸುಖ ಅದು. ಆ ಸುಖದ ಕಾಲದಲ್ಲಿ ನೀವು ರಾತ್ರಿ ಹನ್ನೊಂದಕ್ಕೆ ಒಬ್ಬರೇ ಕೂತು ಅಳುತ್ತಿದ್ದೀರಿ.

ಹಿತಕಿದ ಬೇಳೆ ಒಬ್ಬರು ಮಾಡುವ ಅಡುಗೆನೇ ಅಲ್ಲ. ಕಾಯಿ ಸುಲಿಯಬೇಕು, ಕಾಳನ್ನು ರಾತ್ರಿಯಿಡೀ ನೆನೆಸಬೇಕು, ಬೆಳಿಗ್ಗೆ ಒಂದೊಂದೇ ಕಾಳನ್ನು ಎರಡು ಬೆರಳ ನಡುವೆ ಹಿಡಿದು ಹಿತಕಬೇಕು. ಐದು ಜನರ ಸಾರಿಗೆ ಎಷ್ಟು ಕಾಳು ಬೇಕು ಅಂತ ತಿನ್ನುವವರಿಗೆ ಗೊತ್ತಿರುವುದಿಲ್ಲ. ಅದಕ್ಕೇ ಹಿಂದೆ ಮನೆಮಂದಿಯೆಲ್ಲ ಸುತ್ತ ಕೂತು ಸುಲಿಯುತ್ತಿದ್ದರು, ಪಕ್ಕದ ಮನೆಯವರೂ ಬಂದು ಸೇರುತ್ತಿದ್ದರು. ಮಾತು, ಚಾಡಿ, ನಗು ಎಲ್ಲ ಅಲ್ಲೇ. ಆಗ ಬೇಸರ ಕಾಣಲಿಲ್ಲ, ಏಕೆಂದರೆ ಕೆಲಸ ಹಂಚಿ ಹೋಗಿತ್ತು. ಈಗ ಸಾರು ಉಳಿದಿದೆ, ಸುತ್ತ ಕೂರುವವರು ಟಿವಿ ಮುಂದೆ ಹೋಗಿದ್ದಾರೆ.

ಹಾಗಾಗಿ ಈ ಶನಿವಾರವೇ ಹೇಳಿಬಿಡಿ. ಜಗಳ ಬೇಡ, ಕಣ್ಣೀರೂ ಬೇಡ, ಬೆಳಿಗ್ಗೆ ಅವರು ಹೊರಡುವ ಹೊತ್ತಿನಲ್ಲಂತೂ ಬೇಡ. "ಹಿತಕಿದ ಬೇಳೆ ಬೇಕು ಅನ್ನೋರೆಲ್ಲ ಸುಲಿಯೋಕೆ ಕೂತ್ಕೋಬೇಕು. ಕೂರೋರು ಇಲ್ಲ ಅಂದ್ರೆ ನಾಳೆ ತಿಳಿಸಾರು." ಅಷ್ಟೇ. ಹಾಲ್‌ನಲ್ಲಿ ಪೇಪರ್ ಹಾಸಿ, ಕಾಯಿ ಸುರಿಯಿರಿ. ಟಿವಿ ಹಾಕಿಕೊಂಡರೂ ಹಾಕಿಕೊಳ್ಳಲಿ. ಅತ್ತೆಗೆ ಕೈ ಆಡುತ್ತಿದ್ದರೆ ಅವರೇ ಎಲ್ಲರಿಗಿಂತ ಬೇಗ ಸುಲಿಯುತ್ತಾರೆ, ನೋಡುತ್ತಿರಿ. ಮಕ್ಕಳಿಗೆ ಭಾನುವಾರ ಬೆಳಿಗ್ಗೆಯ ಹಿತಕುವ ಕೆಲಸ ಕೊಡಿ. ಬೇಳೆ ಪುಳಕ್ ಅಂತ ಚಿಮ್ಮಿ ಸೋಫಾ ಕೆಳಗೆ ಹೋಗುತ್ತದೆ, ಅರ್ಧ ಹಾಳಾಗುತ್ತದೆ, ಹೋಗಲಿ ಬಿಡಿ. ಸಾರು ಮಾತ್ರ ನೀವು ಮಾಡಿ. ಮುದ್ದೆ ತಿರುವುವುದನ್ನು ಮನೆಯವರಿಗೆ ಬಿಡಿ. ಗಂಟು ಗಂಟಾದರೂ ಎಲ್ಲರೂ ಅದನ್ನೇ ತಿನ್ನಬೇಕು, ನೀವು ಎದ್ದು ಹೋಗಿ ಸರಿಮಾಡಬಾರದು. ಇದು ಕಷ್ಟ, ಗೊತ್ತು. ನಮ್ಮಲ್ಲಿ ತುಂಬಾ ಹೆಂಗಸರು ಸೋಲುವುದೇ ಇಲ್ಲಿ, ಕೆಲಸ ಕೊಟ್ಟು ಹಿಂದೆಯೇ ನಿಂತು "ಬಿಡಿ, ನಾನೇ ಮಾಡ್ತೀನಿ" ಅಂತ ಕಿತ್ತುಕೊಳ್ಳುತ್ತೇವೆ.

ನಂದಿ ಬೆಟ್ಟದ ವಿಷಯಕ್ಕೆ ಬರೋಣ. ಬೆಟ್ಟದ ಕೆಳಗೆ ನಂದಿ ಗ್ರಾಮದಲ್ಲಿ ಭೋಗನಂದೀಶ್ವರ ಇದ್ದಾನೆ, ಮೇಲೆ ಯೋಗನಂದೀಶ್ವರ. ಕೆಳಗಿನ ದೇವಸ್ಥಾನದಲ್ಲೇ ಇರುವ ಅರುಣಾಚಲೇಶ್ವರ ಶಿವನ ಬಾಲ್ಯ, ಭೋಗನಂದಿ ಯೌವನ, ಬೆಟ್ಟದ ಮೇಲಿನ ಯೋಗನಂದಿ ವೈರಾಗ್ಯ ಅಂತ ಹಿರಿಯರು ಹೇಳುತ್ತಾರೆ. ನಿಮ್ಮ ಮನೆಯವರು ಕೆಳಗಿನದನ್ನು ಬಿಟ್ಟು ನಿಮ್ಮನ್ನು ಸೀದಾ ಮೇಲಕ್ಕೆ ಕಳಿಸಲು ಹೊರಟಿದ್ದಾರೆ. ಇನ್ನೂ ಸರಿಯಾಗಿ ಒಂದು ದಿನ ಕಾಲು ಚಾಚಿ ಕೂರದವರಿಗೆ "ಇದ್ದಿದ್ದರಲ್ಲೇ ತೃಪ್ತಿ ಪಡು" ಅನ್ನುವುದು ಸುಲಭ ಅಲ್ವಾ? ತೃಪ್ತಿ ಆಮೇಲಿನ ಮಾತು. ಮೊದಲು ಸ್ವಲ್ಪ ಭೋಗ ಆಗಲಿ.

ಬೆಟ್ಟ ಕಣ್ಮುಂದೆ ಇದೆ ಅಂದರಲ್ಲ, ನೀವು ಕೊನೆಯ ಸಲ ಹತ್ತಿದ್ದು ಯಾವಾಗ? ಯಾರೋ ನೆಂಟರು ಬಂದಾಗ, ಅವರಿಗೆ ಪುಳಿಯೋಗರೆ ಕಟ್ಟಿಕೊಂಡು ಹೋಗಿರುತ್ತೀರಿ. ಶನಿವಾರ, ಭಾನುವಾರ ಬೇಡ, ಅರ್ಧ ಬೆಂಗಳೂರು ಅಲ್ಲೇ ಇರುತ್ತದೆ. ಮನೆಯವರಿಗೆ ವಾರದ ನಡುವೆ ಒಂದು ರಜೆ ಹಾಕಿಸಿ, ಇಬ್ಬರೇ ಹೋಗಿ. ತಿಂಡಿ ಹೋಟೆಲ್‌ನಲ್ಲಿ, ಡಬ್ಬಿ ಗಿಬ್ಬಿ ಬೇಡ. ಬೆಟ್ಟ 1,478 ಮೀಟರ್ ಎತ್ತರ, ಈ ತಿಂಗಳು ಬೆಳಿಗ್ಗೆ ಮೇಲೆ ಚಳಿ ಜಾಸ್ತಿ, ಸ್ವೆಟರ್ ಮರೆಯಬೇಡಿ. ಪಶ್ಚಿಮ ಘಟ್ಟದ ಹಕ್ಕಿಯಾದ ನೀಲಗಿರಿ ಮರಪಾರಿವಾಳ, ಅಲ್ಲಿಂದ ಅಷ್ಟು ದೂರ ಇರುವ ಈ ಬೆಟ್ಟದ ಮೇಲಿನ ಮರಗಳಲ್ಲೂ ಇದೆ, ಅದನ್ನು ನೋಡಲೆಂದೇ ಜನ ಕ್ಯಾಮೆರಾ ಹೊತ್ತು ಬರುತ್ತಾರೆ. ನಿಮಗೆ ಅದು ಕಾಣದಿದ್ದರೂ ನಷ್ಟವಿಲ್ಲ. ಇಳಿದು ಬಂದು ಭೋಗನಂದೀಶ್ವರನ ಕಲ್ಯಾಣಿ ಮೆಟ್ಟಿಲ ಮೇಲೆ ಒಂದಷ್ಟು ಹೊತ್ತು ಕೂತು ಬನ್ನಿ.

ಇದು ಎಂದೋ ಒಂದು ದಿನದ್ದಾಯಿತು. ದಿನದ್ದು ಏನು? ಇಂಗ್ಲೆಂಡಿನಲ್ಲಿ ಸುಮಾರು 20 ಸಾವಿರ ಜನರ ಮಾಹಿತಿ ಇಟ್ಟುಕೊಂಡು ಮಾಡಿದ ಅಧ್ಯಯನವೊಂದು 2019ರಲ್ಲಿ ಬಂತು. ವಾರಕ್ಕೆ 120 ನಿಮಿಷವಾದರೂ ಮರ ಗಿಡ, ನೀರು ಇರುವ ಕಡೆ ಕಳೆಯುವವರು ತಾವು ಚೆನ್ನಾಗಿದ್ದೇವೆ ಅಂತ ಹೇಳಿದ್ದು ಜಾಸ್ತಿ. ಒಂದೇ ಸಲ ಎರಡು ಗಂಟೆ ಹೋದರೂ ಸರಿ, ಚೂರು ಚೂರಾಗಿ ಹೋದರೂ ಸರಿ. ಹೋದದ್ದರಿಂದಲೇ ಚೆನ್ನಾದರೋ, ಚೆನ್ನಾಗಿದ್ದವರೇ ಹೊರಗೆ ಹೋದರೋ ಅಂತ ಅದು ಸಾಬೀತು ಮಾಡಿಲ್ಲ, ಆದರೆ ನಡೆದು ನೋಡಲು ಖರ್ಚೇನಿದೆ? ಮಕ್ಕಳು ಸ್ಕೂಲಿಗೆ ಹೋದ ಮೇಲೆ, ಮಿಷನ್ ಮುಂದೆ ಕೂರುವ ಮೊದಲು ಇಪ್ಪತ್ತು ಇಪ್ಪತ್ತೈದು ನಿಮಿಷ ಚಪ್ಪಲಿ ಮೆಟ್ಟಿ ಹೊರಟುಬಿಡಿ. ಕಂದವಾರ ಕೆರೆ ನಿಮ್ಮ ಊರಿನದೇ. ಬೆಂಗಳೂರಿನ ಹೆಬ್ಬಾಳ-ನಾಗವಾರ ಕಣಿವೆಯ ಸಂಸ್ಕರಿಸಿದ ನೀರು ಅಲ್ಲಿಗೆ ಹರಿದು ಬಂದಿದೆ. ಆ ನೀರು ಎಷ್ಟು ಚೊಕ್ಕ ಅನ್ನುವ ಜಗಳ ಬೇರೆ ಇದೆ, ಅದು ಇನ್ನೊಂದು ದಿನದ ಮಾತು. ಕೆರೆ ದೂರ ಆದರೆ ಊರಾಚೆ ಯಾವುದಾದರೂ ರಾಗಿ ಹೊಲದ ಪಕ್ಕದ ದಾರಿ ಸಾಕು. ದಾರಿಯಲ್ಲಿ ಸೊಪ್ಪು ಮಾರುವ ಅಜ್ಜಿ ಸಿಕ್ಕರೆ ಬೆರಕೆ ಸೊಪ್ಪಿನ ಕಟ್ಟು ತೆಗೆದುಕೊಂಡು, ಇದ್ಯಾವ ಸೊಪ್ಪು, ಅದ್ಯಾವ ಸೊಪ್ಪು ಅಂತ ಕೇಳಿ. ಅಣ್ಣೆ ಸೊಪ್ಪು, ಕನ್ನೆ ಸೊಪ್ಪು, ಗೋಣಿ ಸೊಪ್ಪು ಅಂತ ಅವರು ಹೇಳುತ್ತಾ ಹೋಗುವುದನ್ನು ಕೇಳುವುದೇ ಚೆಂದ.

ಎರಡು ಷರತ್ತು ಇದೆ. ಆ ಹೊತ್ತಿನಲ್ಲಿ ಯಾರ ಕೆಲಸವೂ ಇರಬಾರದು, "ಹೋಗ್ತಿದ್ದೀಯಲ್ಲ, ಬರುವಾಗ ಹಾಲು ತಾ" ಕೂಡ ಇಲ್ಲ. ಮತ್ತೆ, ಖುಷಿ ಆಯಿತಾ ಅಂತ ಅಳೆಯಲು ಹೋಗಬೇಡಿ. ಸುಮ್ನೆ ಹೋಗಿ, ಬನ್ನಿ.

ಆ ಡೈರಿ ನಿಲ್ಲಿಸಿ. ಕೆಲವರಿಗೆ ಅದು ಒಗ್ಗುತ್ತದೆ, ನಿಮಗೆ ಅದು ಹೋಂವರ್ಕ್ ಆಗಿದೆ. ರಾತ್ರಿ ಕಣ್ಣು ಮುಚ್ಚಿಕೊಂಡು ಹೋಗುವಾಗ ಮೂರು ಒಳ್ಳೆಯದು ಹುಡುಕಿ ಬರೆಯುವ ಬದಲು ಮಲಗಿ. ನಿದ್ದೆಯೂ ಸುಖವೇ ಅಲ್ವಾ?

ಇನ್ನು ಬಾಲಿ. ಹೋಗುವ ಆಸೆ ಇಟ್ಟುಕೊಳ್ಳಿ, ಸಾಲ ಬೇಡ. ಸುಮ್ಮನೆ ಲೆಕ್ಕ ಹಾಕೋಣ. 2.8 ಲಕ್ಷ ಪರ್ಸನಲ್ ಲೋನ್, ಬಡ್ಡಿ ಶೇ 14 ಅಂತ ಇಟ್ಟುಕೊಂಡರೆ, ಮೂರು ವರ್ಷ ತಿಂಗಳಿಗೆ ಸುಮಾರು 9,570 ರೂಪಾಯಿ ಕಟ್ಟಬೇಕು. ಬಡ್ಡಿಯೇ 64 ಸಾವಿರ ದಾಟುತ್ತದೆ, ಅಂದರೆ ಹೆಚ್ಚು ಕಡಿಮೆ ಇನ್ನೊಬ್ಬರ ಟಿಕೆಟ್ ದುಡ್ಡು. ಐದಾರು ದಿನದ ಪ್ರವಾಸಕ್ಕೆ 36 ಕಂತು. ನೆದರ್ಲೆಂಡ್ಸ್‌ನಲ್ಲಿ 1,500ಕ್ಕೂ ಹೆಚ್ಚು ಜನರನ್ನು ಕೇಳಿ 2010ರಲ್ಲಿ ಪ್ರಕಟಿಸಿದ ಅಧ್ಯಯನವೊಂದಿದೆ. ಪ್ರವಾಸ ಹೋಗುವವರು ಹೋಗುವ ಮೊದಲು ಬೇರೆಯವರಿಗಿಂತ ಖುಷಿಯಾಗಿದ್ದರು. ಬಂದ ಮೇಲೆ ಮನೆಯಲ್ಲೇ ಇದ್ದವರಿಗೂ ಇವರಿಗೂ ಅಂಥ ವ್ಯತ್ಯಾಸ ಕಾಣಲಿಲ್ಲ. ತುಂಬಾ ಆರಾಮಾಗಿ ಹೋಗಿಬಂದವರಿಗೆ ಮಾತ್ರ ಸ್ವಲ್ಪ ದಿನ ಅದರ ಗುಂಗು ಉಳಿಯಿತು. ತಲೆ ಮೇಲೆ ಕಂತು ಹೊತ್ತು ಹೋದವರು ಎಷ್ಟು ಆರಾಮಾಗಿರಬಹುದು, ನೀವೇ ಹೇಳಿ.

ನನಗೆ ಇದರಲ್ಲಿ ಇಷ್ಟವಾದದ್ದು ಮೊದಲ ಭಾಗ. ಕಾಯುವುದರಲ್ಲೇ ಅಷ್ಟು ಖುಷಿ ಇದ್ದರೆ ಕಾಯುವುದನ್ನೇ ಉದ್ದ ಮಾಡಿಕೊಳ್ಳಿ. ನಿಮ್ಮ ಹೊಲಿಗೆ ದುಡ್ಡಿನಿಂದ ನಿಮ್ಮ ಹೆಸರಲ್ಲೇ ಬ್ಯಾಂಕ್‌ನಲ್ಲಿ ಒಂದು ಆರ್‌ಡಿ ಶುರು ಮಾಡಿ, ಮದುವೆ ಸೀಸನ್‌ನಲ್ಲಿ ಬಂದದ್ದನ್ನು ಸೇರಿಸಿಟ್ಟು ತಿಂಗಳಿಗೆ ಎರಡು ಸಾವಿರವೋ ಮೂರು ಸಾವಿರವೋ. ಮೂರು ಸಾವಿರ ಆದರೆ ಎರಡು ವರ್ಷಕ್ಕೆ ಬಡ್ಡಿ ಬಿಟ್ಟು 72 ಸಾವಿರ, ಒಬ್ಬರ ಖರ್ಚು ಆಯಿತು. ಇನ್ನೊಬ್ಬರದ್ದನ್ನು ಮನೆಯವರು ಹಾಕುತ್ತಾರೋ, ನೀವು ಅಕ್ಕ ತಂಗಿಯರೇ ಹೋಗುತ್ತೀರೋ, ಆಗ ನೋಡಿಕೊಳ್ಳಿ. ಪಾಸ್‌ಪೋರ್ಟ್ ಮಾತ್ರ ಈಗಲೇ ಮಾಡಿಸಿಟ್ಟುಕೊಳ್ಳಿ.

ಒಂದು ವಿಷಯ ಬಿಡುವ ಹಾಗಿಲ್ಲ. "ಏನೂ ಅನ್ನಿಸುವುದಿಲ್ಲ" ಅಂತ ಬರೆದಿದ್ದೀರಿ. ಕೆಲಸ ಹಂಚಿ, ನಿದ್ದೆ ಮಾಡಿ, ಹೊರಗೆ ಓಡಾಡಿದ ಮೇಲೂ ಹಾಗೇ ಇದ್ದರೆ, ಅಥವಾ ಈಗಾಗಲೇ ಎರಡು ವಾರಕ್ಕಿಂತ ಜಾಸ್ತಿ ದಿನದಿಂದ ಊಟ, ನಿದ್ದೆ ಕೆಟ್ಟು ಯಾವುದರಲ್ಲೂ ಆಸಕ್ತಿ ಇಲ್ಲದ ಹಾಗಾಗಿದ್ದರೆ, ಅದಕ್ಕೆ ಕೆರೆ, ಬೆಟ್ಟ ಔಷಧಿ ಅಲ್ಲ. 14416ಕ್ಕೆ ಫೋನ್ ಮಾಡಿ. ಸರ್ಕಾರದ ಟೆಲಿ ಮನಸ್ ಸಹಾಯವಾಣಿ ಅದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು, ರಾತ್ರಿ ಹನ್ನೊಂದಕ್ಕೂ ಎತ್ತುತ್ತಾರೆ.

ಅಕ್ಕನಿಗೆ ಏನು ಹೇಳುವುದು ಅಂತ ತಲೆ ಕೆಡಿಸಿಕೊಳ್ಳಬೇಡಿ. ಮಕ್ಕಳ ಪರೀಕ್ಷೆ, ಅತ್ತೆಗೆ ಹುಷಾರಿಲ್ಲ ಅಂತೆಲ್ಲ ನೆಪ ಹೂಡಿದರೆ ಮೇ ತಿಂಗಳವರೆಗೂ ಸುಳ್ಳು ಹೇಳುತ್ತಲೇ ಇರಬೇಕಾಗುತ್ತದೆ. "ಈ ಸಲ ಆಗಲ್ಲ ಕಣಕ್ಕ, ಸಾಲ ಮಾಡ್ಬೇಕಾಗುತ್ತೆ. ಎರಡು ವರ್ಷ ಬಿಟ್ಟು ನಾನೂ ಬರ್ತೀನಿ" ಅಂತ ನೇರವಾಗಿ ಹೇಳಿ. ಅದರ ಬೆನ್ನಿಗೇ ಜನವರಿಯಲ್ಲಿ ಒಂದು ಭಾನುವಾರ ಹಿತಕಿದ ಬೇಳೆ ಊಟಕ್ಕೆ ಕರೆಯಿರಿ. ಭಾವನನ್ನೂ ಕರೆದುಕೊಂಡು ಶನಿವಾರ ಸಂಜೆಯೇ ಬಂದುಬಿಡಲಿ, ಸುಲಿಯುವುದಕ್ಕೆ ಇನ್ನೆರಡು ಜೊತೆ ಕೈ ಸಿಕ್ಕಿದ ಹಾಗಾಗುತ್ತದೆ.