ಮೀನಿನ ಹೊಟ್ಟೆಯಲ್ಲಿ ಮರಳು ಸಿಕ್ಕರೆ ಬಿಸಾಕಬೇಕಾ?

ಪ್ರಶ್ನೆ: ಮೇಡಂ, ಕಳೆದ ಭಾನುವಾರ ಶಿವಾಜಿನಗರದಿಂದ ಗ್ರೇ ಮುಲ್ಲೆಟ್ ಮೀನು ತಂದೆ. ಕ್ಲೀನ್ ಮಾಡುವಾಗ ಹೊಟ್ಟೆಯೊಳಗೆ ಕೋಳಿ ಗಿಜರ್ಡ್‌ನಂಥ ಗಟ್ಟಿ ಉಂಡೆ ಸಿಕ್ಕಿತು. ಕೊಯ್ದರೆ ಒಳಗೆ ಕೆಸರು, ಮರಳು! ಅತ್ತೆ ಬಿಸಾಕು ಅಂದರು. ಇನ್ನೊಂದು ವಿಷಯ. ಮಾರಿದವರು ಸಮುದ್ರದ ಮೀನು ಅಂದರು, ಪಕ್ಕದ ಮನೆಯ ಕುಂದಾಪುರದವರು ಹೊಳೆ ಮೀನು ಅನ್ನುತ್ತಾರೆ. ಯಾರ ಮಾತು ಸರಿ?
– ಓದುಗರು, ಜಯನಗರ, ಬೆಂಗಳೂರು

ಉತ್ತರ: ಮರಳು ಸಿಕ್ಕಿತು ಅಂತ ಮೀನು ಕೆಟ್ಟಿದೆ ಎಂದಲ್ಲ. ತಾಜಾ ಹೌದೋ ಅಲ್ಲವೋ ಅಂತ ಕಿವಿರಿನ ಬಣ್ಣ, ವಾಸನೆ ನೋಡಿ ಹೇಳಬೇಕು. ಆ ಗಟ್ಟಿ ಉಂಡೆ ಈ ಮೀನಿನ ಜಠರದ್ದೇ ಒಂದು ಭಾಗ. ಕೆಲಸವೂ ಕೋಳಿಯ ಗಿಜರ್ಡ್‌ನದ್ದೇ, ತಿಂದದ್ದನ್ನು ಅರೆಯುವುದು.

ಮುಲ್ಲೆಟ್ ಬೇಟೆಯಾಡುವ ಮೀನಲ್ಲ. ತಲೆ ತಗ್ಗಿಸಿ, ತಳದ ಕೆಸರನ್ನು ಬಾಯಿತುಂಬ ಹೀರುತ್ತದೆ. ಕಿವಿರಿನ ಬಳಿ ಬಾಚಣಿಗೆಯಂಥ ಎಳೆಗಳಿವೆ. ಅವು ಜರಡಿ ಹಿಡಿದಂತೆ ಸೋಸುತ್ತವೆ. ದಪ್ಪ ಕಸ ಹೊರಗೆ, ನುಣ್ಣನೆಯದ್ದು ಒಳಗೆ. ಅದರಲ್ಲಿ ಕೊಳೆತ ಎಲೆಯ ಚೂರು, ಪಾಚಿ, ಡಯಾಟಂ ಎಂಬ ಸೂಕ್ಷ್ಮ ಸಸ್ಯಗಳು ಇರುತ್ತವೆ. ಡಯಾಟಂಗೆ ಗಾಜಿನಂಥ ಗಟ್ಟಿ ಚಿಪ್ಪು. ಅದನ್ನು ಒಡೆಯಲು ಈ ಮೀನಿಗೆ ಹೇಳಿಕೊಳ್ಳುವಂಥ ಹಲ್ಲಿಲ್ಲ. ಹಾಗಾಗಿ ಮರಳೇ ಬೀಸುವ ಕಲ್ಲು. ಇನ್ನೊಮ್ಮೆ ಆ ಉಂಡೆಯನ್ನು ಅಡ್ಡಕ್ಕೆ ಕೊಯ್ದು ನೋಡಿ. ಗೋಡೆ ಪೂರ್ತಿ ದಪ್ಪ ಸ್ನಾಯು, ನಡುವೆ ಸಣ್ಣ ಸೀಳು. ಆ ಸೀಳಿನಲ್ಲೇ ಮರಳಿನ ಜೊತೆ ಊಟ ಅರೆಯುತ್ತದೆ. ಅದರಾಚೆಗೆ ಸುರುಳಿ ಸುತ್ತಿದ ಕರುಳು, ಮೈಗಿಂತ ಹಲವು ಪಟ್ಟು ಉದ್ದ. ಇಂಥ ಊಟ ಜೀರ್ಣವಾಗಲು ಅಷ್ಟು ದೂರ ಬೇಕು! ಮರಿಯಾಗಿದ್ದಾಗ ಮಾತ್ರ ನೀರಲ್ಲಿ ತೇಲುವ ಪುಟ್ಟ ಜೀವಿಗಳನ್ನು ತಿನ್ನುತ್ತದೆ. ಎರಡು ಮೂರು ಸೆಂಟಿಮೀಟರ್ ಆಗುವಷ್ಟರಲ್ಲಿ ತಳದ ಊಟಕ್ಕೆ ಇಳಿಯುತ್ತದೆ.

ಇನ್ನು ಸಮುದ್ರವೋ ಹೊಳೆಯೋ ಎನ್ನುವ ಜಗಳ. ಇಬ್ಬರದ್ದೂ ಸರಿ. ಕೇರಳದವರ ಅಂಗಡಿಯಲ್ಲಿ ತಿರುತ, ಗೋವಾ, ಕಾರವಾರದ ಕೊಂಕಣಿಯಲ್ಲಿ ಶೆವಟೊ ಅನ್ನುವ ಈ ಮೀನು ಬೆಳೆಯುವುದು ಜಾಸ್ತಿ ಅಳಿವೆಯಲ್ಲಿ, ಅಂದರೆ ಹೊಳೆ ಕಡಲು ಸೇರುವ ಕಡೆ. ಉತ್ತರ ಕನ್ನಡದ ಅಘನಾಶಿನಿ ಹೊಳೆಯ ಗಜನಿ ಗದ್ದೆಗಳಿಗೂ, ಅಂದರೆ ಅಳಿವೆ ಪಕ್ಕದ ಉಪ್ಪುನೀರಿನ ಭತ್ತದ ಗದ್ದೆಗಳಿಗೂ, ಉಬ್ಬರದ ಜೊತೆ ಮುಲ್ಲೆಟ್ ಮರಿಗಳು ನುಗ್ಗುತ್ತವೆ. ಸಿಹಿನೀರಿಗೂ ಹತ್ತಿ ಹೋಗುತ್ತದೆ, ಕಡಲಿಗಿಂತ ಉಪ್ಪಾದ ನೀರನ್ನೂ ತಾಳಿಕೊಳ್ಳುತ್ತದೆ.

ಆದರೆ ಮೊಟ್ಟೆ ಇಡಲು ಕಡಲಿಗೇ ಹೋಗಬೇಕು. ಅದರ ಮೊಟ್ಟೆ ಒಂದು ಮಿಲಿಮೀಟರಿನಷ್ಟೂ ಇಲ್ಲ. ಒಳಗೆ ಒಂದು ಹನಿ ಎಣ್ಣೆ. ಉಪ್ಪುನೀರಿನಲ್ಲಿ ತೇಲುತ್ತದೆ, ಸಿಹಿನೀರಿನಲ್ಲಿ ಮುಳುಗುತ್ತದೆ. ಒಂದು ದೊಡ್ಡ ಹೆಣ್ಣು ಲಕ್ಷಗಟ್ಟಲೆ ಮೊಟ್ಟೆ ಇಡುತ್ತದೆ. ಒಡಿಶಾದ ಚಿಲಿಕಾ ಸರೋವರದಿಂದ ಚಳಿಗಾಲದ ಹೊತ್ತಿಗೆ ದೊಡ್ಡ ಮೀನುಗಳು ಗುಂಪು ಕಟ್ಟಿಕೊಂಡು ಬಂಗಾಳ ಕೊಲ್ಲಿಗೆ ಹೊರಡುತ್ತವೆ. ಹುಟ್ಟಿದ ಮರಿಗಳು ತಿರುಗಿ ಅಳಿವೆಗೆ ಬರುತ್ತವೆ. ಈ ಹೋಗಿಬರುವ ದಾರಿಯಲ್ಲಿ ಅಳಿವೆಯ ಬಾಯಿ ಹೂಳು ತುಂಬಿದರೆ, ಅಡ್ಡಲಾಗಿ ಬಲೆ ಕಟ್ಟಿದರೆ, ಮುಂದಿನ ಪೀಳಿಗೆಗೇ ಪೆಟ್ಟು. ನನಗೆ ನಿಜವಾಗಿ ಸಂಕಟ ಆಗುವುದು ಇಲ್ಲೇ.

ಅತ್ತೆಯವರ ಅನುಮಾನಕ್ಕೂ ಒಂದು ಕಾರಣ ಇದೆ, ಸುಮ್ನೆ ಅಲ್ಲ. ಗಲೀಜು ನೀರಿನಲ್ಲಿ ಬೆಳೆದ ಮುಲ್ಲೆಟ್‌ಗೆ ಮಣ್ಣಿನ ವಾಸನೆ ಬರುತ್ತದೆ. ಮನೆಗೆ ತಂದ ಕೂಡಲೇ ಕರುಳನ್ನು ಹರಿಯದಂತೆ ಇಡಿಯಾಗಿ ತೆಗೆಯಿರಿ. ಹೊಟ್ಟೆಯ ಒಳಗೋಡೆಗೆ ಕಪ್ಪು ಪೊರೆ ಅಂಟಿರುತ್ತದೆ ಅಲ್ವಾ? ಅದನ್ನು ಕಲ್ಲುಪ್ಪು ಹಾಕಿ ಉಜ್ಜಿ ತೆಗೆದು, ಹುಣಸೆ ನೀರಿನಲ್ಲಿ ಹತ್ತು ನಿಮಿಷ ಇಟ್ಟು ತೊಳೆಯಿರಿ. ಆಮೇಲೆ ಸಾರು ಮಾಡಿ ಅತ್ತೆಯವರಿಗೇ ಮೊದಲು ಬಡಿಸಿ.